ಅಡಿಕೆ ಯಾಕೆ ಸೊಕ್ಕುತ್ತದೆ?

ಅಡಿಕೆ ಸೊಕ್ಕುವುದೆಂದರೇನೆಂದು ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಮದುವೆಯೂಟ ಮುಗಿಸಿ, ಅಭ್ಯಾಸವಿಲ್ಲದವರೊಬ್ಬರು ಹರಿವಾಣದಿಂದ ದೊಡ್ಡ ಹೋಳನ್ನೇ ಎತ್ತಿ ಬಾಯಿಗೆ ಹಾಕಿರುತ್ತಾರೆ. ತುಸು ಹೊತ್ತಿಗೆ ಕಿವಿ ಬಿಸಿ, ಹಣೆಯಲ್ಲಿ ಬೆವರು, ಎದೆ ಡವಡವ, ಬಾಯಿ ತುಂಬ ನೀರು. “ಸೊಕ್ಕಿತಾ ಭಾವ? ಉಗುಳಿ, ನೀರು ಕುಡಿಯಿರಿ” ಎಂದು ಪಕ್ಕದವರು ನಗುತ್ತಾರೆ. ನಮ್ಮ ಅತ್ತೆ ಇದನ್ನು ಉಷ್ಣ ಎನ್ನುತ್ತಿದ್ದರು. ತೋಟದ ಜೊತೆಗೆ ಹೈಸ್ಕೂಲಿನಲ್ಲಿ ವಿಜ್ಞಾನವನ್ನೂ ಕಲಿಸಿದ ನನಗೆ ಅನುಮಾನವೆಲ್ಲ ನರಗಳ ಮೇಲೆ.

ನರಕೋಶದ ಒಳಗೆ ಪೊಟ್ಯಾಸಿಯಂ ಹೆಚ್ಚು, ಹೊರಗೆ ಸೋಡಿಯಂ ಹೆಚ್ಚು. ಹೀಗಾಗಿ ಸುಮ್ಮನಿರುವ ಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣ. ಟಾರ್ಚಿನ ಸೆಲ್ಲಿನ ಇಪ್ಪತ್ತರಲ್ಲೊಂದು ಪಾಲೂ ಇಲ್ಲ! ಯಾವುದೋ ಪ್ರಚೋದನೆಯಿಂದ ಈ ಅಂತರ 55ರ ಆಸುಪಾಸಿಗೆ ಇಳಿಯಿತೆನ್ನಿ, ಪೊರೆಯಲ್ಲಿನ ಸೋಡಿಯಂ ದ್ವಾರಗಳು ತೆರೆಯುತ್ತವೆ. ಸೋಡಿಯಂ ಒಳನುಗ್ಗಿ ಋಣವಿದ್ದದ್ದು ಧನವಾಗುತ್ತದೆ. ಬೆನ್ನಿಗೇ ಪೊಟ್ಯಾಸಿಯಂ ಹೊರಹರಿದು ಮೊದಲಿನ ಸ್ಥಿತಿ ಬರುತ್ತದೆ. ಒಂದೆರಡು ಮಿಲಿಸೆಕೆಂಡಿನ ಈ ಮಿಡಿತ ನರದುದ್ದಕ್ಕೂ ಓಡುತ್ತದೆ. ಬೊಂಡಾಸ್ ಎಂಬ ಕಡಲಜೀವಿಯ ದಪ್ಪ ನರದಲ್ಲಿ ಇದನ್ನು ಅಳೆದು, 1952ರಲ್ಲಿ ಲೆಕ್ಕ ಬರೆದಿಟ್ಟವರು ಹಾಡ್ಜ್‌ಕಿನ್ ಮತ್ತು ಹಕ್ಸ್ಲಿ.

ನರ ಮುಗಿದಲ್ಲಿ ವಿದ್ಯುತ್ತಿನ ಓಟ ಸಾಮಾನ್ಯವಾಗಿ ನಿಲ್ಲುತ್ತದೆ. ಅಲ್ಲಿಂದ ಮುಂದಿನದು ರಾಸಾಯನಿಕದ ಕೆಲಸ. 1921ರಲ್ಲಿ ಆಟೊ ಲೋವಿ ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತ ನಿಧಾನಿಸಿದ. ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ಆ ದ್ರವದಲ್ಲಿದ್ದದ್ದು ಅಸಿಟೈಲ್‌ಕೋಲಿನ್. ಜೊಲ್ಲಿನ, ಬೆವರಿನ ಗ್ರಂಥಿಗಳಿಗೂ ನರ ಹೇಳಿಕಳಿಸುವುದು ಇದರ ಮೂಲಕವೇ.

ಅಡಿಕೆಯಲ್ಲಿರುವ ಅರೆಕೋಲಿನ್, ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲಿ ಹೋಗಿ ಕೂರುತ್ತದೆ. ನರ ಏನೂ ಹೇಳದಿದ್ದರೂ ಗ್ರಂಥಿ ಕೆಲಸಕ್ಕೆ ಹೊರಡುತ್ತದೆ. ಅಸಲಿಯನ್ನಾದರೆ ಅಲ್ಲೇ ಇರುವ ಕಿಣ್ವ ಕ್ಷಣಾರ್ಧದಲ್ಲಿ ಕತ್ತರಿಸಿ ಮುಗಿಸುತ್ತದೆ. ಅರೆಕೋಲಿನ್ ಅದರ ಕೈಗೆ ಸಿಗುವುದಿಲ್ಲ. ಈ ಲೆಕ್ಕದಲ್ಲಿ ಹೃದಯ ನಿಧಾನವಾಗಬೇಕಿತ್ತಲ್ಲ, ಡವಡವ ಎಲ್ಲಿಂದ? ಜಗಿದವರ ರಕ್ತದಲ್ಲಿ ಎದೆಬಡಿತ ಹೆಚ್ಚಿಸುವ ಅಡ್ರಿನಲಿನ್ ಏರುವುದನ್ನು ತೈವಾನಿನ ಸಂಶೋಧಕರು ಕಂಡಿದ್ದಾರೆ. ಇನ್ನು, ಒಂದು ಅಡಿಕೆ ಸೊಕ್ಕಿ ಇನ್ನೊಂದು ಸೊಕ್ಕದಿರುವುದರಲ್ಲಿ ವಿಚಿತ್ರವಿಲ್ಲ. ಅರೆಕೋಲಿನ್ ಎಲ್ಲದರಲ್ಲೂ ಒಂದೇ ಸಮ ಇರುವುದಿಲ್ಲ.

ಅಸ್ತಮಾ ಇದ್ದವರು ಮಾತ್ರ ಇದನ್ನು ತಮಾಷೆ ಎಂದುಕೊಳ್ಳಬಾರದು. ಇದೇ ವಸ್ತು ಶ್ವಾಸನಾಳದ ಸ್ನಾಯುವನ್ನೂ ಬಿಗಿಯಬಲ್ಲದು. ಸೊಕ್ಕಿದವರಿಗೆ ಉಸಿರು ಕಟ್ಟಿದರೆ ಗಾಳಿ ಹಾಕುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ.