ವ್ಯೋಮದ ಗಡಿಯಾರಗಳು, ಕೃಷ್ಣಾ ತೀರದ ಬಾಂದುಗಲ್ಲುಗಳು

ಚಿಕ್ಕೋಡಿಯ ನೆತ್ತಿಯ ಮೇಲಿನ ಆಕಾಶ ಬರಿದಲ್ಲ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭಾರತದ್ದೇ ಆದ ಉಪಗ್ರಹಗಳು ಹಗಲಿರುಳು ಒಂದೇ ಕಾಯಕದಲ್ಲಿ ನಿರತವಾಗಿವೆ: ತಾವು ಎಲ್ಲಿದ್ದೇವೆ, ಈ ಕ್ಷಣದ ಸಮಯವೆಷ್ಟು ಎಂಬುದನ್ನು ನಿರಂತರ ಸಾರುವುದು. ಸೆಕೆಂಡಿನ ಏಳೆಂಟರಲ್ಲೊಂದು ಭಾಗದಲ್ಲಿ ನೆಲ ಮುಟ್ಟುವ ಆ ಸಂಕೇತ ರಾಯಬಾಗದ ಕಬ್ಬಿನ ಹೊಲಕ್ಕೂ ನಿಪ್ಪಾಣಿಯ ತಂಬಾಕಿನ ಮಾರುಕಟ್ಟೆಗೂ ಉಗಾರದ ಸಕ್ಕರೆ ಕಾರ್ಖಾನೆಯ ಮುಂದೆ ಸಾಲುಗಟ್ಟಿದ ಟ್ರ್ಯಾಕ್ಟರುಗಳಿಗೂ ಸಮಾನವಾಗಿ ಲಭ್ಯ. ಚಂದಾ ಇಲ್ಲ, ಬಿಲ್ಲಿಲ್ಲ. ಈ ಮಹಾವ್ಯವಸ್ಥೆಯ ಹೆಸರು ನಾವಿಕ್.

ಅದರ ಪ್ರಾಣವಿರುವುದು ಪರಮಾಣು ಗಡಿಯಾರದಲ್ಲಿ. ಸಂಕೇತ ಹೊರಟ ಸಮಯಕ್ಕೂ ತಲುಪಿದ ಸಮಯಕ್ಕೂ ಇರುವ ಅಂತರದಿಂದಲೇ ದೂರದ ಗಣನೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಹೆಚ್ಚುಕಡಿಮೆಯಾದರೂ ಲೆಕ್ಕ 300 ಮೀಟರ್ ತಪ್ಪುತ್ತದೆ; ಕಾಗವಾಡದ ಗಡಿಯಂಚಿನಲ್ಲಿ ನಿಂತವನನ್ನು ಫೋನು ಸರಾಗವಾಗಿ ಮಹಾರಾಷ್ಟ್ರಕ್ಕೆ ಕಳಿಸಿಬಿಟ್ಟೀತು! ಮೂರು ಉಪಗ್ರಹಗಳ ದೂರ ತಿಳಿದರೆ ಸ್ಥಾನ ಸಿಗುತ್ತದೆ, ಆದರೆ ನಮ್ಮ ಕೈಯ ಸಾಧನದ ಅಗ್ಗದ ಗಡಿಯಾರದ ದೋಷವನ್ನು ತಿದ್ದಲು ನಾಲ್ಕನೆಯದು ಬೇಕೇ ಬೇಕು. ಈ ‘ನಾಲ್ಕು’ ಎಂಬ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕನ್ನಡಿಗರಿಗೆ ಹೆಮ್ಮೆಯ ಸಂಗತಿಯೊಂದಿದೆ. ಈ ವ್ಯವಸ್ಥೆಯ ಸಂಚಾಲನ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. 2013ರ ಮೇ ತಿಂಗಳಲ್ಲಿ ಅದು ಉದ್ಘಾಟನೆಗೊಂಡಿತು. ಉಪಗ್ರಹಗಳ ಕಕ್ಷೆಯನ್ನು ಕಾಯುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ. ಕೇಂದ್ರ ಸರ್ಕಾರ ಯೋಜನೆಗೆ ಅನುಮೋದನೆ ನೀಡಿದ್ದು 2006ರಲ್ಲಿ. ಮೊದಲ ಉಪಗ್ರಹ 2013ರ ಜುಲೈ 1ರಂದು ನಭಕ್ಕೇರಿತು. ಏಳನೆಯದು 2016ರ ಏಪ್ರಿಲ್ 28ರಂದು ಕಕ್ಷೆ ಸೇರಿದಾಗ ಪ್ರಧಾನಿ ನರೇಂದ್ರ ಮೋದಿ ಇಡೀ ವ್ಯವಸ್ಥೆಗೆ ನಾವಿಕ್ ಎಂದು ನಾಮಕರಣ ಮಾಡಿದರು. ಅಮೆರಿಕದ ಜಿಪಿಎಸ್ ಜಗತ್ತನ್ನೇ ಆವರಿಸಿದ್ದರೆ, ನಾವಿಕ್ ಭಾರತವನ್ನೂ ಗಡಿಯಾಚೆ 1,500 ಕಿಲೋಮೀಟರ್‌ವರೆಗಿನ ಪ್ರದೇಶವನ್ನೂ ಮಾತ್ರ ಲಕ್ಷ್ಯವಾಗಿರಿಸಿಕೊಂಡಿದೆ. ಮಿತವಾದ ಈ ಮಹತ್ವಾಕಾಂಕ್ಷೆಯೇ ಅದರ ಜಾಣತನ.

ಗಡಿನಾಡಿಗೆ ಅಳತೆ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಚಿಕ್ಕೋಡಿ, ಅಥಣಿ ಮುಂಬೈ ಪ್ರಾಂತದಲ್ಲಿದ್ದವು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು. ವಿಂಗೇಟ್, ಗೋಲ್ಡ್‌ಸ್ಮಿಡ್ ಮೊದಲಾದ ಅಧಿಕಾರಿಗಳ 1847ರ ಜಂಟಿ ವರದಿ ಮುಂಬೈ ಪ್ರಾಂತದ ಭೂಮಾಪನಕ್ಕೆ ಶಾಸ್ತ್ರದ ಕಟ್ಟು ಒದಗಿಸಿತು. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿಯ ಚೌಕ ಒಂದು ಗುಂಟೆ, 40 ಗುಂಟೆಗೆ ಎಕರೆ. ಇಂದಿಗೂ ಇಲ್ಲಿನ ರೈತನ ಉತಾರದಲ್ಲಿ ಎಕರೆ, ಗುಂಟೆ, ಆಣೆಗಳ ಭಾಷೆಯೇ ಇದೆ. ಆದರೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಸರಪಳಿಯ ಮಾತು ಕೇಳುವವಲ್ಲ. 2019 ಮತ್ತು 2021ರಂಥ ಮಹಾಪೂರಗಳಲ್ಲಿ ಹೊಲಗಳು ಕೆಸರಿನಡಿ ಸೇರಿದಾಗ ಬದುವೂ ಬಾಂದುಗಲ್ಲೂ ಉಳಿಯುವುದು ದೈವವಶ. ಕಲ್ಲು ಕೊಚ್ಚಿಹೋಗಬಹುದು; ಅಕ್ಷಾಂಶ, ರೇಖಾಂಶಗಳನ್ನು ಹೊಳೆ ಒಯ್ಯಲಾರದು.

ಉಪಗ್ರಹ ಪಥದರ್ಶನದ ನಿಜವಾದ ಆಧುನೀಕರಣ ಇಲ್ಲಿ ನಡೆಯುತ್ತಿದೆ ಎಂಬುದು ಈ ಲೇಖಕನ ದೃಢ ಅಭಿಪ್ರಾಯ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ‘ದಿಶಾಂಕ್’ ಆ್ಯಪ್ ತೆರೆದರೆ, ನಿಂತ ನೆಲದ ಸರ್ವೆ ನಂಬರು ಪರದೆಯ ಮೇಲೆ ಮೂಡುತ್ತದೆ. ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ ಹೊಲದೊಳಗೆ ನಿಂತು ತೆಗೆದ ಚಿತ್ರದ ಜೊತೆಗೆ ಸ್ಥಳಾಂಕವೂ ದಾಖಲಾಗುತ್ತದೆ. ಕಬ್ಬು ಹಚ್ಚಿದಲ್ಲಿ ಸೋಯಾಬೀನ್ ಎಂದು ಬರೆಸುವುದು ಈಗ ಸುಲಭವಲ್ಲ. ಭೂಮಾಪಕರ ಕೈಗೆ ಬಂದಿರುವ ‘ರೋವರ್’ ಉಪಕರಣವಂತೂ ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಿರ ನೆಲೆಗಳಿಂದ ತಿದ್ದುಪಡಿ ಪಡೆದು, ಮೀಟರುಗಳ ದೋಷವನ್ನು ಸೆಂಟಿಮೀಟರುಗಳಿಗೆ ಇಳಿಸುತ್ತದೆ.

ಇದಕ್ಕೆಲ್ಲ ಬಾಗಿಲು ತೆರೆದದ್ದು ನೀತಿಯ ಬದಲಾವಣೆ. 2021ರ ಫೆಬ್ರುವರಿ 15ರ ಮಾರ್ಗಸೂಚಿ, ನಕಾಶೆ ತಯಾರಿಕೆಗೆ ಭಾರತೀಯ ಸಂಸ್ಥೆಗಳು ಪಡೆಯಬೇಕಿದ್ದ ಪೂರ್ವಾನುಮತಿಯನ್ನು ರದ್ದುಗೊಳಿಸಿತು. ಅದೇ ವರ್ಷ ಬಾಹ್ಯಾಕಾಶ ಇಲಾಖೆ ಉಪಗ್ರಹ ಪಥದರ್ಶನ ನೀತಿಯ ಕರಡು ಪ್ರಕಟಿಸಿತು: ನಾಗರಿಕರಿಗೆ ಶುಲ್ಕರಹಿತ ಮುಕ್ತ ಸಂಕೇತ, ಆಯಕಟ್ಟಿನ ಬಳಕೆಗೆ ರಕ್ಷಿತ ಸಂಕೇತ. ರಾಷ್ಟ್ರೀಯ ಭೂಪ್ರಾದೇಶಿಕ ನೀತಿ 2022ರ ಡಿಸೆಂಬರಿನಲ್ಲಿ ಬಂತು. ಹೆದ್ದಾರಿಯ ಕಥೆ ಇಷ್ಟು ಸರಳವಲ್ಲ. ಉಪಗ್ರಹ ಆಧಾರಿತ ಟೋಲ್‌ಗೆ 2024ರ ಸೆಪ್ಟೆಂಬರಿನಲ್ಲಿ ನಿಯಮ ತಿದ್ದುಪಡಿಯಾಗಿ, ನಿತ್ಯ ಮೊದಲ 20 ಕಿಲೋಮೀಟರಿಗೆ ವಿನಾಯಿತಿ ಸಾರಲಾಯಿತು. ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಪ್ರಯೋಗಕ್ಕೆ ಆಯ್ದುಕೊಳ್ಳಲಾಯಿತು. ಆದರೆ 2025ರ ಮೇ 1ರಿಂದ ದೇಶವ್ಯಾಪಿ ಜಾರಿಯೆಂಬ ಸುದ್ದಿಯನ್ನು ಹೆದ್ದಾರಿ ಸಚಿವಾಲಯವೇ ಅಲ್ಲಗಳೆಯಿತು. ನಿಪ್ಪಾಣಿಯ ಪಕ್ಕದ ಕೊಗನೋಳಿಯ ಟೋಲ್ ನಾಕಾ ಅಷ್ಟು ಬೇಗ ಇತಿಹಾಸ ಸೇರುವ ಲಕ್ಷಣವಿಲ್ಲ.

ಇನ್ನು ನಾವಿಕ್‌ನ ಇಂದಿನ ಸ್ಥಿತಿ. ವಿದೇಶದಿಂದ ತರಿಸಿದ ಪರಮಾಣು ಗಡಿಯಾರಗಳು ಒಂದೊಂದಾಗಿ ಕೈಕೊಟ್ಟವು. ಮೊದಲ ಉಪಗ್ರಹದ ಮೂರೂ ನಿಂತುಹೋದವು. 2017ರಲ್ಲಿ ಬದಲಿ ಉಪಗ್ರಹ ರಾಕೆಟ್ಟಿನ ಕವಚದೊಳಗೇ ಸಿಲುಕಿತು. ಉತ್ತರವಾಗಿ ಇಸ್ರೋ ದೇಶೀಯ ರುಬಿಡಿಯಂ ಗಡಿಯಾರವನ್ನು ಸಿದ್ಧಪಡಿಸಿತು. ಅದನ್ನು ಹೊತ್ತ ಎನ್‌ವಿಎಸ್-01 ಉಪಗ್ರಹ 2023ರ ಮೇ 29ರಂದು ಉಡಾವಣೆಗೊಂಡಿತು. ಸಾಮಾನ್ಯ ಫೋನು, ಕೈಗಡಿಯಾರಗಳಿಗೂ ಒಗ್ಗುವ ಎಲ್1 ತರಂಗಾಂತರ ಅದರ ವಿಶೇಷ. ನಂತರದ ಎನ್‌ವಿಎಸ್-02, 2025ರ ಜನವರಿ 29ರಂದು, ಶ್ರೀಹರಿಕೋಟದ ನೂರನೇ ಉಡಾವಣೆಯ ವೈಭವದಲ್ಲಿ ಮೇಲೇರಿತಾದರೂ ಉದ್ದೇಶಿತ ಕಕ್ಷೆ ಮುಟ್ಟಲಿಲ್ಲ. ಅದೇ ವರ್ಷದ ಜುಲೈನಲ್ಲಿ ಸಂಸತ್ತಿಗೆ ಸಿಕ್ಕ ಉತ್ತರದ ಪ್ರಕಾರ, ಹಾರಿಸಿದ ಹನ್ನೊಂದರಲ್ಲಿ ಸ್ಥಾನನಿರ್ಣಯಕ್ಕೆ ಒದಗುತ್ತಿದ್ದವು ನಾಲ್ಕೇ. ಅಂದರೆ ಗಣಿತ ಬೇಡುವ ಕನಿಷ್ಠ ಸಂಖ್ಯೆ. ಮೀಸಲಿಗೆ ಒಂದೂ ಇರಲಿಲ್ಲ. ಆದ್ದರಿಂದ ನಮ್ಮ ಫೋನುಗಳು ಇಂದಿಗೂ ಮುಖ್ಯವಾಗಿ ಜಿಪಿಎಸ್ ಮುಂತಾದ ಪರದೇಶದ ವ್ಯವಸ್ಥೆಗಳನ್ನೇ ಆಶ್ರಯಿಸಿವೆ. ವಿಜ್ಞಾನಿಗಳ ಸಾಮರ್ಥ್ಯದಲ್ಲಿ ಸಂಶಯವಿಲ್ಲ. ಉಳಿದ ಎನ್‌ವಿಎಸ್ ಉಪಗ್ರಹಗಳ ಉಡಾವಣೆಗೆ ಸರ್ಕಾರ ಗಡುವಿನ ಬದ್ಧತೆ ತೋರಬೇಕು.

ಅಲ್ಲಿಯವರೆಗೆ ಗಡಿಭಾಗದ ಓದುಗರಿಗೆ ಒಂದು ಕಿವಿಮಾತು. ಕೈಯಲ್ಲಿನ ಫೋನು ತೋರಿಸುವ ಚುಕ್ಕೆ ಹಲವು ಮೀಟರ್ ಅತ್ತಿತ್ತ ಇರಬಹುದು. ದಿಶಾಂಕ್ ನೋಡಿ ಪಕ್ಕದ ಹೊಲದವರೊಡನೆ ಜಗಳಕ್ಕಿಳಿಯಬೇಡಿ. ತಾಲ್ಲೂಕಿನ ಭೂಮಾಪನ ಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಹಾಕಿ, ಅಳತೆಯ ದಿನ ತಪ್ಪದೇ ಹೊಲದಲ್ಲಿ ಹಾಜರಿರಿ.