ಯಾವ ಹೆಸರಿನಡಿ ಬರೆಯಲಿ?

ಗ್ರಂಥಾಲಯ ವಿಜ್ಞಾನದ ಪ್ರಾಯೋಗಿಕ ತರಗತಿ. ಎದುರಿಗೆ ಐದು ಅಂಗುಲ ಅಗಲ, ಮೂರು ಅಂಗುಲ ಎತ್ತರದ ಬಿಳಿ ಕಾರ್ಡು. ಎಡಗಡೆ ಎರಡು ಕೆಂಪು ಗೆರೆ, ಕೆಳಗೆ ನಡುಮಧ್ಯೆ ಸರಳು ತೂರಿಸಲು ಒಂದು ತೂತು. ಪಕ್ಕದಲ್ಲೊಂದು ಕಥಾಸಂಕಲನ. ಬರೆದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: ‘ಇದರ ಕಾರ್ಡನ್ನು ಯಾವ ಡ್ರಾಯರಿಗೆ ಹಾಕ್ತೀರಿ?’

‘ಮ’ಗೆ ಎಂದರು ಒಬ್ಬರು, ‘ವ’ಗೆ ಎಂದರು ಇನ್ನೊಬ್ಬರು, ‘ಅ’ಗೆ ಎಂದರು ಮತ್ತೊಬ್ಬರು. ಮೂರಕ್ಕೂ ಕಾರಣವಿತ್ತು. ಮಾಸ್ತಿ ಊರಿನ ಹೆಸರಾದರೂ ಕನ್ನಡಿಗರು ಅವರನ್ನು ಕರೆಯುವುದೇ ಹಾಗೆ. ವೆಂಕಟೇಶ ಹೆತ್ತವರು ಇಟ್ಟ ಹೆಸರು. ಪಶ್ಚಿಮದ ಪದ್ಧತಿಯಲ್ಲಾದರೆ ಹೆಸರಿನ ಕೊನೆಯ ಪದ ಮುಂದಕ್ಕೆ ಬರಬೇಕು. ಆಗ ನಾಡಿನ ಅಯ್ಯಂಗಾರರೆಲ್ಲ ಒಂದೇ ಡ್ರಾಯರಿನಲ್ಲಿ ಕೂಡಬೇಕು. ಇವು ಮೂರೂ ಸಾಲದೆಂಬಂತೆ ನಾಲ್ಕನೆಯದೂ ಇತ್ತು: ಅವರ ಕಥೆಗಳು ಓದುಗರ ಕೈ ಸೇರಿದ್ದು ‘ಶ್ರೀನಿವಾಸ’ ಎಂಬ ಕಾವ್ಯನಾಮದಲ್ಲಿ.

ಪುಸ್ತಕವೊಂದು ಕಪಾಟಿನಲ್ಲಿರುವುದು ಬೇರೆ, ಬೇಕಾದವರಿಗೆ ಸಿಗುವುದು ಬೇರೆ. ಈ ಎರಡರ ನಡುವಿನ ದೂರವನ್ನು ದಾಟಿಸುವ ವಿದ್ಯೆಗೆ ಸೂಚೀಕರಣ ಎಂದು ಹೆಸರು. ಹೊರಗಿನಿಂದ ನೋಡಿದವರಿಗೆ ಅದು ಗುಮಾಸ್ತಗಿರಿಯಂತೆ ಕಾಣುತ್ತದೆ. ಆದರೆ ಆ ಪುಟ್ಟ ಕಾರ್ಡಿನ ಹಿಂದೆ ಎರಡು ಸಾವಿರ ವರ್ಷಕ್ಕೂ ಹೆಚ್ಚಿನ ಚಿಂತನೆಯಿದೆ.

ಶೀರ್ಷಿಕೆ ಪುಟ ಇಲ್ಲದ ಕಾಲ

ಕಲಿಯುವವರಿಗೆ ಮೊದಲ ಪಾಠ: ರಕ್ಷಾಪುಟ ನೋಡಿ ಬರೆಯಬೇಡಿ, ಬೆನ್ನು ನೋಡಿ ಬರೆಯಬೇಡಿ, ಒಳಗಿನ ಶೀರ್ಷಿಕೆ ಪುಟ ತೆರೆಯಿರಿ. ಹೊರಗಿನ ಹೊದಿಕೆ ಹರಿದುಹೋಗಬಹುದು, ಮರುಮುದ್ರಣದಲ್ಲಿ ಬದಲಾಗಬಹುದು. ಪುಸ್ತಕ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುವ ಜಾಗ ಒಳಗಿನದು.

ಆ ಪುಟವೇ ಇಲ್ಲದ ಕಾಲವೊಂದಿತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಸುರುಳಿಗಳಿಗೆ ಪಟ್ಟಿ ಮಾಡಲು ಹೊರಟ ಕವಿ ಕಲಿಮಾಕಸ್ ಎದುರಿಸಿದ್ದು ಈ ತೊಡಕನ್ನೇ. ಆತ ರಚಿಸಿದ ‘ಪಿನಾಕೆಸ್’ 120 ಸುರುಳಿಗಳಷ್ಟಿತ್ತು ಎನ್ನುತ್ತಾರೆ. ಮೂಲ ಉಳಿದಿಲ್ಲ, ಬೇರೆಯವರು ಉದ್ಧರಿಸಿದ ತುಣುಕುಗಳಷ್ಟೇ ಉಳಿದಿವೆ. ಅವುಗಳಿಂದ ತಿಳಿಯುವುದಿಷ್ಟು: ಕರ್ತೃವಿನ ಹೆಸರಿನ ಜೊತೆಗೆ ತಂದೆಯ ಹೆಸರು ಮತ್ತು ಊರು, ಕೃತಿಯ ಆರಂಭದ ಪದಗಳು, ಒಟ್ಟು ಸಾಲುಗಳ ಸಂಖ್ಯೆ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಊರು ಬೇಕು. ಹೆಸರಿಲ್ಲದ ಕೃತಿಯನ್ನು ಗುರುತಿಸಲು ಮೊದಲ ಸಾಲು ಬೇಕು. ಸುರುಳಿ ಪೂರ್ತಿಯಾಗಿದೆಯೇ ಎಂದು ತಿಳಿಯಲು ಸಾಲುಗಳ ಲೆಕ್ಕ ಬೇಕು.

ನಮ್ಮ ಓಲೆಗರಿಗಳ ವರ್ಣನಾತ್ಮಕ ಸೂಚಿಗಳನ್ನು ಬಿಡಿಸಿ ನೋಡಿದವರಿಗೆ ಇದು ಪರಿಚಿತವೇ. ಗರಿ ಎಷ್ಟು, ಅವುಗಳ ಉದ್ದಗಲ ಎಷ್ಟು, ಗರಿಗೆ ಎಷ್ಟು ಸಾಲು, ಆದಿ ಯಾವುದು, ಅಂತ್ಯ ಯಾವುದು, ಲಿಪಿಕಾರ ಯಾರು ಎಂದು ಒಂದೊಂದಾಗಿ ದಾಖಲಾಗುತ್ತದೆ. ಓಲೆಗೂ ಶೀರ್ಷಿಕೆ ಪುಟವಿಲ್ಲ. ಕವಿಯ ಹೆಸರು ಕಾವ್ಯದ ನಡುವೆಯೋ ಕೊನೆಯ ಗದ್ಯದಲ್ಲೋ ಅಡಗಿರುತ್ತದೆ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಿತು. ಕನ್ನಡಕ್ಕೆ ಎಷ್ಟು ಕವಿಗಳು, ಯಾರು ಏನನ್ನು ಬರೆದರು ಎಂಬುದರ ದಾಖಲೆ ಅಲ್ಲಿಂದ ಗಟ್ಟಿಯಾಯಿತು.

ಇಸ್ಪೀಟೆಲೆಯ ಬೆನ್ನ ಮೇಲೆ

ಪಟ್ಟಿ ಬರೆಯುವುದರಲ್ಲಿ ಒಂದು ಕಷ್ಟವಿದೆ. ಪುಸ್ತಕ ಬರೆದು ಮುಗಿಸಿದ ಮೇಲೆ ಹೊಸದೊಂದು ಬಂದರೆ ಅದನ್ನು ಎಲ್ಲಿ ಸೇರಿಸುವುದು? ಇದಕ್ಕೆ ಉತ್ತರ ಸಿಕ್ಕಿದ್ದು ಫ್ರಾನ್ಸಿನ ಕ್ರಾಂತಿಯ ದಿನಗಳಲ್ಲಿ. ಚರ್ಚು, ಮಠಗಳ ಆಸ್ತಿಯೊಂದಿಗೆ ಅವುಗಳ ಪುಸ್ತಕಭಂಡಾರಗಳೂ ಸರ್ಕಾರದ ವಶವಾದವು. ಯಾವ ಊರಿನಲ್ಲಿ ಏನಿದೆ ಎಂದು ಪ್ಯಾರಿಸ್ಸಿಗೆ ತಿಳಿಯಬೇಕಿತ್ತು. 1791ರ ಸರ್ಕಾರಿ ಸೂಚನೆ ಹೇಳಿತು: ಇಸ್ಪೀಟೆಲೆ ತೆಗೆದುಕೊಳ್ಳಿ. ಆಗ ಅವುಗಳ ಬೆನ್ನು ಖಾಲಿಯಿರುತ್ತಿತ್ತು. ಒಂದು ಪುಸ್ತಕಕ್ಕೆ ಒಂದು ಎಲೆ. ಶೀರ್ಷಿಕೆ ಪುಟದಲ್ಲಿರುವುದನ್ನು ನಕಲು ಮಾಡಿ, ಲೇಖಕರ ಹೆಸರಿನಡಿ ಗೆರೆ ಎಳೆದು, ಅಕ್ಷರಾನುಕ್ರಮದಲ್ಲಿ ಜೋಡಿಸಿ, ಮೂಲೆಗೆ ದಾರ ಪೋಣಿಸಿ ಕಳಿಸಿ. ಶೀರ್ಷಿಕೆ ಉದ್ದವಾಗಿದ್ದರೆ ಎಕ್ಕ, ದುರಿ ಬಳಸಿ. ಅವುಗಳ ಮುಖದ ಮೇಲೂ ಜಾಗವಿರುತ್ತದೆ.

ಪುಸ್ತಕಕ್ಕೊಂದು ಬಿಡಿ ಎಲೆ ಎಂಬ ಈ ಉಪಾಯವೇ ಮುಂದೆ ಕಾರ್ಡಿನ ರೂಪದಲ್ಲಿ ಜಗತ್ತನ್ನು ಆಳಿತು. ಹೊಸದು ಬಂದರೆ ನಡುವೆ ತೂರಿಸಿದರಾಯಿತು, ಉಳಿದವು ಸರಿದು ಜಾಗ ಬಿಡುತ್ತವೆ.

ಇಪ್ಪತ್ತೈದು ಪುಸ್ತಕಗಳ ಪರೀಕ್ಷೆ

ನಕಲು ಮಾಡುವುದಷ್ಟೇ ಆದರೆ ಯಾರಾದರೂ ಮಾಡಿಯಾರು ಎಂಬ ಭಾವನೆ ಲಂಡನ್ನಿನ ವಿದ್ವಾಂಸರಲ್ಲೂ ಇತ್ತು. ಇಟಲಿಯಿಂದ ಪ್ರಾಣಭಯಕ್ಕೆ ಓಡಿಬಂದಿದ್ದ ಆಂಟೊನಿಯೊ ಪಾನಿಜ್ಜಿ 1837ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಮುದ್ರಿತ ಗ್ರಂಥಗಳ ಮುಖ್ಯಸ್ಥರಾದರು. ಸಹೋದ್ಯೋಗಿಗಳೊಡನೆ ಸೇರಿ ಅವರು ರೂಪಿಸಿದ 91 ನಿಯಮಗಳು 1841ರಲ್ಲಿ ಅಚ್ಚಾದವು. ಇಷ್ಟೆಲ್ಲ ನಿಯಮ ಯಾಕೆ, ಕೆಲಸ ಯಾಕೆ ಇಷ್ಟು ನಿಧಾನ ಎಂಬ ದೂರುಗಳೆದ್ದು ವಿಚಾರಣೆಗೆ ಆಯೋಗವೇ ನೇಮಕವಾಯಿತು. ಆಯೋಗದ ಕಾರ್ಯದರ್ಶಿ ಜಾನ್ ಪೇನ್ ಕಾಲಿಯರ್ ತಾವೇ ಒಂದು ಗಂಟೆಯಲ್ಲಿ ತಮ್ಮ 25 ಪುಸ್ತಕಗಳಿಗೆ ದಾಖಲೆ ಬರೆದು ತೋರಿಸಿದರು. ಪಾನಿಜ್ಜಿ ಅವನ್ನು ತಮ್ಮ ಸಹಾಯಕ ವಿಂಟರ್ ಜೋನ್ಸ್ ಅವರ ಕೈಗಿತ್ತರು. ಲೇಖಕರ ಪೂರ್ಣ ಹೆಸರಿಲ್ಲ, ಆವೃತ್ತಿಯ ಉಲ್ಲೇಖವಿಲ್ಲ, ತಲೆಬರಹ ತಪ್ಪು. ಸೂಚೀಕರಣದಲ್ಲಿ ಆಗಬಹುದಾದ ದೋಷಗಳೆಲ್ಲ ಆ 25ರಲ್ಲೇ ಸಿಕ್ಕವು. ಕಾಲಿಯರ್ ಓದಿಕೊಂಡ ಮನುಷ್ಯರೇ. ಪುಸ್ತಕ ಬಲ್ಲವರಿಗೆಲ್ಲ ಪುಸ್ತಕದ ದಾಖಲೆ ಬರೆಯಲು ಬರುವುದಿಲ್ಲ ಎಂಬುದು ಅಂದು ಸ್ಪಷ್ಟವಾಯಿತು.

ಅಮೆರಿಕದ ಚಾರ್ಲ್ಸ್ ಕಟರ್ 1876ರಲ್ಲಿ ತಮ್ಮ ನಿಯಮಗಳನ್ನು ಪ್ರಕಟಿಸುವಾಗ ಮೊದಲು ಕೇಳಿಕೊಂಡದ್ದು, ಇದೆಲ್ಲ ಯಾರಿಗಾಗಿ ಎಂದು. ಲೇಖಕರ ಹೆಸರೋ, ಶೀರ್ಷಿಕೆಯೋ, ವಿಷಯವೋ, ಇವುಗಳಲ್ಲಿ ಒಂದು ಗೊತ್ತಿದ್ದರೂ ಓದುಗನಿಗೆ ಪುಸ್ತಕ ಸಿಗಬೇಕು. ಒಬ್ಬ ಲೇಖಕರದ್ದು ಏನೇನಿದೆ ಎಂದೂ ತೋರಬೇಕು. ಅಳತೆಯ ಕಾರ್ಡು, ಎಲ್ಲರಿಗೂ ಓದಲು ಬರುವಂತೆ ತಿದ್ದಿದ ದುಂಡು ಕೈಬರಹ ಇವೆಲ್ಲ ಆ ಕಾಲದ ಕೊಡುಗೆ. 1901ರಿಂದ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಕಾರ್ಡುಗಳನ್ನು ಅಚ್ಚು ಹಾಕಿ ಬೇರೆ ಗ್ರಂಥಾಲಯಗಳಿಗೂ ಮಾರತೊಡಗಿತು. ಒಬ್ಬರು ಒಮ್ಮೆ ಸರಿಯಾಗಿ ಬರೆದರೆ ಸಾವಿರ ಕಡೆ ಉಪಯೋಗ.

ಕನ್ನಡದ ಪುಸ್ತಕಗಳಿಗೆ ಎರಡು ಪಟ್ಟಿ

ನಮ್ಮಲ್ಲಿ ಅಚ್ಚಾದ ಪುಸ್ತಕಗಳನ್ನು ಮೊದಲು ಕ್ರಮವಾಗಿ ವರ್ಣಿಸಿದ್ದು ಓದುಗರ ಸಲುವಾಗಿ ಅಲ್ಲ. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯ್ದೆಯಂತೆ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಮುದ್ರಣವಾದ ಪುಸ್ತಕಗಳ ಪಟ್ಟಿ ಮೂರು ತಿಂಗಳಿಗೊಮ್ಮೆ ಹೊರಬರುತ್ತಿತ್ತು. ಶೀರ್ಷಿಕೆ, ಭಾಷೆ, ಕರ್ತೃ, ಮುದ್ರಕ, ಪುಟ, ಗಾತ್ರ, ಬೆಲೆ, ಕೊನೆಗೆ ಎಷ್ಟು ಪ್ರತಿ ಅಚ್ಚಾಯಿತು ಎಂಬುದೂ ಅದರಲ್ಲಿತ್ತು. ಸರ್ಕಾರಕ್ಕೆ ಅಚ್ಚುಕೂಟಗಳ ಮೇಲೆ ಕಣ್ಣಿಡಬೇಕಿತ್ತು. ಪಾನಿಜ್ಜಿ ದುಡಿದ ಅದೇ ಬ್ರಿಟಿಷ್ ಮ್ಯೂಸಿಯಂ 1910ರಲ್ಲಿ ಎಲ್.ಡಿ. ಬಾರ್ನೆಟ್ ಸಿದ್ಧಪಡಿಸಿದ ಕನ್ನಡ, ಬಡಗ ಮತ್ತು ಕೊಡವ ಪುಸ್ತಕಗಳ ಸೂಚಿಯನ್ನು ಹೊರತಂದಿತು. ಇದು ವಿದ್ವಾಂಸರಿಗೆ. ಮೊದಲನೆಯ ಪಟ್ಟಿಯಲ್ಲಿ ವಿವರವೆಷ್ಟಿದ್ದರೂ ಅದನ್ನು ಹುಡುಕಿಕೊಂಡು ಬರುವ ಓದುಗನಿರಲಿಲ್ಲ.

ಅದೇ 1910ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರು ಅಮೆರಿಕದಿಂದ ಡಬ್ಲ್ಯು.ಎ. ಬೋರ್ಡನ್ ಅವರನ್ನು ಕರೆಸಿ ಗ್ರಂಥಾಲಯಗಳನ್ನು ಕಟ್ಟಿಸಿದರು, ಗ್ರಂಥಪಾಲಕರಿಗೆ ತರಬೇತಿಯನ್ನೂ ಶುರುಮಾಡಿಸಿದರು. ಆದರೆ ನಮ್ಮ ಹೆಸರುಗಳಿಗೆ ನಮ್ಮದೇ ನಿಯಮ ಹುಡುಕಿದವರು ಎಸ್.ಆರ್. ರಂಗನಾಥನ್. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಲಂಡನ್ನಿಗೆ ಹೋಗಿ ಈ ವಿದ್ಯೆ ಕಲಿತು ಬಂದರು. ಅವರ ‘ಕ್ಲಾಸಿಫೈಡ್ ಕ್ಯಾಟಲಾಗ್ ಕೋಡ್’ 1934ರಲ್ಲಿ ಪ್ರಕಟವಾಯಿತು. ತಮ್ಮ ಹೆಸರನ್ನೇ ನೋಡಿಕೊಂಡರೂ ಸಾಕಿತ್ತು: ಶಿಯಾಳಿ ಊರು, ರಾಮಾಮೃತ ತಂದೆ, ರಂಗನಾಥನ್ ತಾವು. ಇದರಲ್ಲಿ ಕುಲನಾಮವೇ ಇಲ್ಲ. ಹಾಗಾಗಿ ವ್ಯಕ್ತಿಯ ಸ್ವಂತ ಹೆಸರು ಮುಂದೆ, ಊರು ಮತ್ತು ತಂದೆಯ ಹೆಸರು ಕಂಸದೊಳಗೆ.

ಬೆಂಗಳೂರಿಗೂ ಅವರ ಋಣವಿದೆ. 1957ರಲ್ಲಿ ಇಲ್ಲಿಗೆ ಬಂದು ನೆಲಸಿದ ಅವರು 1962ರಲ್ಲಿ ಇಲ್ಲಿಯೇ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು; 1972ರಲ್ಲಿ ಕೊನೆಯುಸಿರೆಳೆದದ್ದೂ ಈ ಊರಿನಲ್ಲೇ.

ಅವರು ವಿಧಿಸಿದ ಸೂತ್ರಗಳಲ್ಲಿ ಎರಡು ನನ್ನ ಮನಸ್ಸಿನಲ್ಲಿ ಊರಿವೆ. ಒಂದು, ದಾಖಲೆಯಲ್ಲಿ ಬರೆದದ್ದು ಪುಸ್ತಕದ ನಿಗದಿತ ಪುಟದಲ್ಲಿ ಕಣ್ಣಿಗೆ ಕಾಣುವಂತಿರಬೇಕು. ಇನ್ನೊಂದು, ತಲೆಬರಹ ಓದುಗ ಅರಸಿಕೊಂಡು ಬರುವಂಥದ್ದಾಗಿರಬೇಕು. ಮೊದಲನೆಯದು ಪುಸ್ತಕಕ್ಕೆ ಸಲ್ಲಿಸುವ ನಿಷ್ಠೆ, ಎರಡನೆಯದು ಓದುಗನಿಗೆ ತೋರುವ ಕಾಳಜಿ. ಕಲಿಯುವವರು ಎಡವುವುದು ಇವೆರಡನ್ನು ಕಲಸಿದಾಗ. ಲೇಖಕರನ್ನು ಬಲ್ಲೆವೆಂದು ಶೀರ್ಷಿಕೆ ಪುಟದ ಮಾತನ್ನು ತಿದ್ದಬಾರದು. ಶೀರ್ಷಿಕೆ ಪುಟದಲ್ಲಿದೆಯೆಂದು ಯಾರೂ ಹುಡುಕದ ಹೆಸರನ್ನು ತಲೆಯ ಮೇಲೆ ಕೂರಿಸಲೂಬಾರದು.

ಚುಕ್ಕಿ, ಗೆರೆ, ಕಂಸ

ಪುಸ್ತಕಕ್ಕೆ ನಿಷ್ಠರಾಗಿರುವುದು ಹೇಗೆಂದು ಕಲಿಸುವುದು ವಿರಾಮಚಿಹ್ನೆಗಳು. 1969ರಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ಸೂಚೀಕರಣ ತಜ್ಞರ ಸಭೆಯಿಂದ ಒಂದು ಅಂತರರಾಷ್ಟ್ರೀಯ ಕ್ರಮ ಹುಟ್ಟಿತು. ಶೀರ್ಷಿಕೆ ಮೊದಲು. ಉಪಶೀರ್ಷಿಕೆಗೆ ಮುನ್ನ ಎರಡು ಚುಕ್ಕಿ. ಬರೆದವರ ಹೆಸರಿಗೆ ಮುನ್ನ ಓರೆಗೆರೆ. ಆಮೇಲೆ ಆವೃತ್ತಿ, ಪ್ರಕಟವಾದ ಊರು, ಪ್ರಕಾಶಕರು, ವರ್ಷ, ಪುಟಸಂಖ್ಯೆ, ಎತ್ತರ. ಭಾಷೆ ಬಾರದವರೂ ಓರೆಗೆರೆ ನೋಡಿ ಇದರಾಚೆ ಇರುವುದು ಲೇಖಕರ ಹೆಸರೆಂದು ಹೇಳಬಹುದು. ಕನ್ನಡದ ದಾಖಲೆಯನ್ನು ಜಪಾನಿನವರೂ ಜಪಾನೀ ದಾಖಲೆಯನ್ನು ಕನ್ನಡಿಗರೂ ಅಂಗಾಂಗ ಗುರುತಿಸಿ ಓದಬಹುದು.

ಚೌಕಕಂಸಕ್ಕೆ ಇಲ್ಲಿ ವಿಶೇಷ ಗೌರವ. ಹೊರಗಿನಿಂದ ತಿಳಿದುಕೊಂಡು ಸೇರಿಸಿದ ವಿವರ ಅದರೊಳಗೆ ಹೋಗಬೇಕು. ಹಳೆಯ ಪುಸ್ತಕದಲ್ಲಿ ಶಕವರ್ಷ ಮಾತ್ರ ಇದ್ದರೆ ಅದನ್ನು ಹಾಗೆಯೇ ಬರೆದು, ಕ್ರಿಸ್ತಶಕದ ವರ್ಷವನ್ನು ಚೌಕಕಂಸದಲ್ಲಿ ಕೊಡುತ್ತಾರೆ. ‘ಈ ಮಾತು ಪುಸ್ತಕದ್ದಲ್ಲ, ನನ್ನದು’ ಎಂದು ಗ್ರಂಥಪಾಲಕ ಒಪ್ಪಿಕೊಳ್ಳುವ ರೀತಿ ಅದು. ನಮ್ಮ ಪ್ರಕಾಶಕರು ‘ಆವೃತ್ತಿ’, ‘ಮುದ್ರಣ’ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಪಠ್ಯ ತಿದ್ದುಪಡಿಯಾಗಿದ್ದರೆ ಆವೃತ್ತಿ, ಅದೇ ಪಠ್ಯ ಮತ್ತೆ ಅಚ್ಚಾಗಿದ್ದರೆ ಮುದ್ರಣ. ಯಾವುದೆಂದು ತಿಳಿಯಲು ಮುನ್ನುಡಿಗಳನ್ನು ತಾಳ್ಮೆಯಿಂದ ಓದಬೇಕು.

ಬಿದ್ದುಹೋದ ಚುಕ್ಕಿಗಳು

1960ರ ದಶಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಹೆನ್ರಿಯೆಟ್ ಅವ್ರಮ್ ಕಾರ್ಡಿನ ಒಂದೊಂದು ಅಂಗಕ್ಕೂ ಅಂಕಿ ಕೊಟ್ಟು ‘ಮಾರ್ಕ್’ ಎಂಬ ಯಂತ್ರರೂಪ ರೂಪಿಸಿದರು. 100 ಎಂದರೆ ಲೇಖಕರು, 245 ಎಂದರೆ ಶೀರ್ಷಿಕೆ. ಗ್ರಂಥಾಲಯಗಳ ಕಂಪ್ಯೂಟರುಗಳು ಇವತ್ತಿಗೂ ಮಾತಾಡುವುದು ಈ ಅಂಕಿಗಳಲ್ಲೇ. ಕನ್ನಡ ಮಾತ್ರ ಬಹಳ ಕಾಲ ಬಾಗಿಲಾಚೆ ನಿಂತಿತ್ತು. ಕಾರ್ಡಿನ ಕಾಲದಲ್ಲೇ, ಕಲ್ಕತ್ತೆಯಲ್ಲಿ ಶುರುವಾದ ಭಾರತದ ರಾಷ್ಟ್ರೀಯ ಗ್ರಂಥಸೂಚಿಯಲ್ಲಿ ಕನ್ನಡ ಪುಸ್ತಕಗಳು ರೋಮನ್ ಲಿಪಿಯಲ್ಲೇ ದಾಖಲಾಗುತ್ತಿದ್ದವು. ‘ಳ’ಕ್ಕೆ ಅಕ್ಷರದಡಿ ಚುಕ್ಕಿ, ದೀರ್ಘಕ್ಕೆ ಮೇಲೊಂದು ಗೆರೆ. ಆ ಚುಕ್ಕಿ ಬಿದ್ದರೆ ‘ಹಳ್ಳಿ’ ‘ಹಲ್ಲಿ’ಯಾಗುತ್ತದೆ, ‘ಕಳೆ’ ‘ಕಲೆ’ಯಾಗುತ್ತದೆ. ಗೆರೆ ಬಿದ್ದರೆ ‘ಮಾರ’ ‘ಮರ’ವಾಗುತ್ತಾನೆ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ ಮೇಲೆ ಶೀರ್ಷಿಕೆಯನ್ನು ಅದರದೇ ಲಿಪಿಯಲ್ಲಿ ಬರೆಯುವ ದಾರಿ ತೆರೆಯಿತು. ದಾರಿ ತೆರೆದ ಮೇಲೂ ಚುಕ್ಕಿಗೆರೆಯಿಲ್ಲದ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಪುಸ್ತಕವನ್ನು ದಾಖಲಿಸುವುದು ನೋವಿನ ಸಂಗತಿ. ಕಪಾಟಿನಲ್ಲಿ ಕೂತಿರುವ ಪುಸ್ತಕ, ಹುಡುಕುವವರ ಪಾಲಿಗೆ ಇಲ್ಲವಾಗುತ್ತದೆ.

‘ನೋಡಿ’ ಎಂಬ ಕಾರ್ಡು

ಲಿಪಿ ಸರಿಹೋದರೂ ಹೆಸರಿನ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕನ್ನಡದಲ್ಲಂತೂ ಅದು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಕೆ.ವಿ. ಪುಟ್ಟಪ್ಪ ಕುವೆಂಪು, ವಿ.ಕೃ. ಗೋಕಾಕ ವಿನಾಯಕ, ಅನಸೂಯಾ ಶಂಕರ್ ತ್ರಿವೇಣಿ. ಒಂದು ಪುಸ್ತಕದಲ್ಲಿ ದ.ರಾ. ಬೇಂದ್ರೆ, ಇನ್ನೊಂದರಲ್ಲಿ ಅಂಬಿಕಾತನಯದತ್ತ. ನಂದಳಿಕೆಯ ಲಕ್ಷ್ಮೀನಾರಣಪ್ಪ ತಾವೇ ಬರೆದ ‘ಶ್ರೀರಾಮಾಶ್ವಮೇಧಂ’ ಕೃತಿಯನ್ನು ಹಳೆಯ ಕವಿಯದೆಂದು ಹೇಳಿ ಮೈಸೂರಿಗೆ ಕಳಿಸಿದರು. ಮುದ್ದಣನೆಂದರೆ ಅವರೇ ಎಂದು ಲೋಕಕ್ಕೆ ತಿಳಿದದ್ದು 1901ರಲ್ಲಿ ಅವರು ತೀರಿಕೊಂಡ ಮೇಲೆ. ಅಂದು ಆ ಪುಸ್ತಕದ ಕಾರ್ಡು ಬರೆದವರು ಇದ್ದಿದ್ದರೆ ಶೀರ್ಷಿಕೆ ಪುಟವನ್ನು ನಂಬಿ ಬರೆದಿರುತ್ತಿದ್ದರು, ನಿಜ ತಿಳಿದ ಮೇಲೆ ಡ್ರಾಯರಿಗೆ ಇನ್ನೊಂದು ಕಾರ್ಡು ಸೇರಿಸಿರುತ್ತಿದ್ದರು.

ಆ ದಿನ ತರಗತಿಯಲ್ಲಿ ಮೇಷ್ಟ್ರು ನಮ್ಮ ಮೂರು ಉತ್ತರಗಳಲ್ಲಿ ಯಾವುದನ್ನೂ ತಪ್ಪೆನ್ನಲಿಲ್ಲ. ಕನ್ನಡದ ಓದುಗರು ಮೊದಲು ಹುಡುಕುವುದು ‘ಮ’ದಲ್ಲಿ, ಆದ್ದರಿಂದ ಪುಸ್ತಕದ ವಿವರವೆಲ್ಲ ಆ ಕಾರ್ಡಿಗೆ ಎಂದರು. ಆಮೇಲೆ ಇನ್ನೂ ಮೂರು ಖಾಲಿ ಕಾರ್ಡು ಕೊಟ್ಟರು. ‘ವ’ದಲ್ಲಿ ಒಂದು, ‘ಅ’ದಲ್ಲಿ ಒಂದು, ‘ಶ’ದಲ್ಲಿ ಒಂದು. ಮೂರರಲ್ಲೂ ಪುಟಸಂಖ್ಯೆಯಿಲ್ಲ, ಪ್ರಕಾಶಕರಿಲ್ಲ. ‘ಶ’ದ ಕಾರ್ಡಿನಲ್ಲಾದರೆ ಶ್ರೀನಿವಾಸ ಎಂದು ಬರೆದು, ಕೆಳಗೆ ‘ಮಾಸ್ತಿ ವೆಂಕಟೇಶ ಅಯ್ಯಂಗಾರ್ ನೋಡಿ’ ಎಂದಷ್ಟೇ ಬರೆಸಿದರು. ಯಾವತ್ತೋ ಒಂದು ದಿನ ಹಳೆಯ ಹೆಸರನ್ನಷ್ಟೇ ನೆನಪಿಟ್ಟುಕೊಂಡು ಬರುವ ಒಬ್ಬ ಓದುಗರಿಗಾಗಿ ಆ ಮೂರು ಕಾರ್ಡುಗಳನ್ನೂ ಅಷ್ಟೇ ದುಂಡಗೆ ಬರೆದು, ಸರಳು ತೂರಿಸಿ, ಡ್ರಾಯರು ಮುಚ್ಚಿದೆವು.