ಮಾಳಿಗೆ ಮನೆಗೆ ಏಸಿ ಬಂದ ಮೇಲೆ

ಹೋದ ಬೇಸಿಗೆಯಲ್ಲಿ ತೆಲಂಗಾಣದ ಮಕ್ತಲ್‌ನ ನಮ್ಮ ಸೋದರತ್ತೆಯ ಮನೆಗೆ ಏಸಿ ಬಂತು. ಒಂದೂವರೆ ಟನ್ನಿನದು, ಮಗ ಕಂತಿನ ಮೇಲೆ ತಂದದ್ದು. ಹತ್ತೇ ದಿನಕ್ಕೆ ಅತ್ತೆಯ ಫೋನು: ‘ತಮ್ಮಾ, ಏಸಿ ಹಚ್ಚಿದ್ರ ಲೈಟು ಮಂಕ ಆಗ್ತಾವ. ಬೋರ್ಡ್ ಮುಟ್ಟಿದ್ರ ಕೈ ಸುಡ್ತದ. ಏನೋ ಕರಕಲು ವಾಸನಿ ಬರ್ತದ.’ ಯಂತ್ರವೇ ಕೆಟ್ಟದ್ದಿರಬೇಕು ಎಂದು ಮನೆಯವರೆಲ್ಲ ತೀರ್ಮಾನಿಸಿಬಿಟ್ಟಿದ್ದರು. ವೈರ್‌ಮನ್ ಬಂದು ಬೋರ್ಡ್ ಬಿಚ್ಚಿದ. ಎರಡು ಬಲ್ಬು, ಒಂದು ಫ್ಯಾನಿಗೆಂದು ಎಂದೋ ಎಳೆದಿದ್ದ ಅಲ್ಯೂಮಿನಿಯಂ ತಂತಿ; ಮೇಲಿನ ಪ್ಲಾಸ್ಟಿಕ್ ಕರಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಇನ್ನೊಂದು ವಾರ ಹಾಗೇ ನಡೆಸಿದ್ದರೆ ಏನಾಗುತ್ತಿತ್ತೋ ನೆನೆಸಿಕೊಳ್ಳಲೂ ಭಯವಾಗುತ್ತದೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳ ಹಳೆಯ ಮನೆಗಳನ್ನು ನೋಡಿದವರಿಗೆ ಇದು ಗೊತ್ತು. ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ನೆಲಕ್ಕೆ ಶಹಾಬಾದ್ ಇಲ್ಲವೇ ತಾಂಡೂರು ಬಂಡೆ. ಕಟ್ಟುವಾಗ ಕರೆಂಟಿನ ಯೋಚನೆಯೇ ಇರಲಿಲ್ಲ. ಆಮೇಲೆ ತೊಲೆಗುಂಟ ತೇಗದ ಪಟ್ಟಿ ಬಡಿದು ತಂತಿ ಎಳೆದರು. ಟಿವಿ ಬಂತು, ಮಿಕ್ಸರ್ ಬಂತು, ಫ್ರಿಜ್ಜು ಬಂತು. ಪ್ರತಿಸಲವೂ ಅದೇ ತಂತಿಗೆ ಒಂದು ಗಂಟು ಸೇರಿತು. ಚಳಿಗಾಲಕ್ಕೆ ಇಲ್ಲಿ ಯಾರೂ ಕೋಣೆಯ ಹೀಟರ್ ಕೇಳುವುದಿಲ್ಲ, ಕಂಬಳಿ ಸಾಕು. ಆದರೆ ಸ್ನಾನದ ನೀರಿಗೆ ಗೀಸರ್ ಬಂದಿದೆ. ಅದೊಂದೇ 2 ಕಿಲೋವ್ಯಾಟ್ ಜಗ್ಗುತ್ತದೆ.

ಎರಡು ಬಲ್ಬು, ಒಂದು ಫ್ಯಾನು ಸೇರಿ ಒಂದು ಆಂಪಿಯರ್ ಕರೆಂಟೂ ಬೇಕಿಲ್ಲ. ಒಂದೂವರೆ ಟನ್ನಿನ ಏಸಿಗೆ ಏಳೆಂಟು ಆಂಪಿಯರ್ ಬೇಕು. ಹಳೇ ಮಾದರಿಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ತಂತಿಯಲ್ಲಿ ಕರೆಂಟು ದುಪ್ಪಟ್ಟಾದರೆ ಹುಟ್ಟುವ ಶಾಖ ನಾಲ್ಕು ಪಟ್ಟು, ಎಂಟು ಪಟ್ಟಾದರೆ ಶಾಖ 64 ಪಟ್ಟು. ಗಂಟು ಸಡಿಲವಿದ್ದಲ್ಲಿ ಇನ್ನೂ ಹೆಚ್ಚು. ಬೇಸಿಗೆಯ ರಾತ್ರಿ ಊರಿಗೂರೇ ಕೂಲರ್, ಏಸಿ ಹಚ್ಚಿದಾಗ ವೋಲ್ಟೇಜ್ ಇಳಿಯುತ್ತದೆ. ಸ್ಟೆಬಿಲೈಜರ್ ಇದೆಯಲ್ಲ ಎಂದು ಜನ ನಿಶ್ಚಿಂತರಾಗುತ್ತಾರೆ. ಸ್ಟೆಬಿಲೈಜರ್ ಇಳಿದ ವೋಲ್ಟೇಜನ್ನು ಎತ್ತಿಕೊಡುವುದು ನಿಜ, ಆದರೆ ಅದಕ್ಕಾಗಿ ಆ ಹಳೇ ತಂತಿಯಿಂದಲೇ ಇನ್ನಷ್ಟು ಕರೆಂಟು ಎಳೆಯುತ್ತದೆ. ಅದು ಏಸಿಯನ್ನು ಕಾಯುತ್ತದೆ, ಮನೆಯ ತಂತಿಯನ್ನು ಕಾಯುವುದಿಲ್ಲ.

ಅತ್ತೆಯ ಮನೆಯಲ್ಲಿ ಫ್ಯೂಸು ಪದೇಪದೇ ಹೋಗುತ್ತದೆಂದು ಯಾರೋ ಅದಕ್ಕೆ ದಪ್ಪ ತಂತಿ ಸುತ್ತಿದ್ದರು. ಈ ಉಪಾಯದಷ್ಟು ಅಪಾಯದ್ದು ಇನ್ನೊಂದಿಲ್ಲ. ಫ್ಯೂಸು ಸುಡುವುದು ಮನೆ ಸುಡದಿರಲೆಂದು.

ವೈರ್‌ಮನ್ ಮಾಡಿದ್ದು ಇಷ್ಟು. ಏಸಿಗೆ ಮೇನ್ ಬೋರ್ಡಿನಿಂದ ನೇರವಾಗಿ ಬೇರೆಯದೇ ದಾರಿ: 4 ಚದರ ಮಿಲಿಮೀಟರ್ ತಾಮ್ರದ ತಂತಿ, ನಡುವೆ ಗಂಟಿಲ್ಲ, ಅದಕ್ಕೆ ತನ್ನದೇ 20 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು). ಗೀಸರಿಗೂ ಹಾಗೆಯೇ ಪ್ರತ್ಯೇಕ ದಾರಿ. ಮೊದಲ ದಿನ ಅಂಗಡಿಯಿಂದ ಬಂದವನು ಪ್ಲಗ್ ಸಿಕ್ಕಲ್ಲಿ ಚುಚ್ಚಿ ಹೋಗಿದ್ದ, ಅದನ್ನು ತೆಗೆಸಿದೆವು. ಮನೆಯ ಮಂಜೂರಾದ ಲೋಡ್ ಹೆಚ್ಚಿಸಲು ವಿದ್ಯುತ್ ಕಚೇರಿಗೆ ಅರ್ಜಿ ಹಾಕಿದ್ದೂ ಆಯಿತು. ಇದನ್ನು ಬಹಳ ಮನೆಗಳವರು ಬಿಡುತ್ತಾರೆ. ಬೀದಿಯ ಟ್ರಾನ್ಸ್‌ಫಾರ್ಮರ್ ಮೇಲೆ ಎಷ್ಟು ಭಾರ ಬೀಳಲಿದೆ ಎಂಬುದು ಇಲಾಖೆಗೆ ಮೊದಲೇ ತಿಳಿಯಲು ನಾವು ಹೇಳಬೇಕು.

ಇನ್ನು ಅರ್ಥಿಂಗ್. ನಾನು ಬಹಳ ಹೇಳಬೇಕಾದದ್ದು ಇದರ ಬಗ್ಗೆಯೇ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೇಲಿನ ದೊಡ್ಡ ತೂತಿಗೆ ತಂತಿಯೇ ಇರುವುದಿಲ್ಲ. ಅಥವಾ ಹಸಿರು ತಂತಿ ಅಂಗಳದ ಗುಂಡಿಯ ತನಕ ಹೋಗಿರುತ್ತದೆ, ಗುಂಡಿಯಲ್ಲಿ ಒಂದು ಹನಿ ತೇವ ಇರುವುದಿಲ್ಲ. ಈ ಸೀಮೆಯ ಎರೆಭೂಮಿ ಏಪ್ರಿಲ್‌ನಲ್ಲಿ ಕೈ ಇಳಿಯುವಷ್ಟು ಬಾಯ್ಬಿಡುತ್ತದೆ, ಉಳಿದಲ್ಲಿ ಕಲ್ಲುನೆಲ. ಒಣಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ. ಅಂದರೆ ಕೂಲರ್, ಏಸಿ ಅತಿ ಹೆಚ್ಚು ಓಡುವ ತಿಂಗಳುಗಳಲ್ಲೇ ಅರ್ಥಿಂಗ್ ಅತಿ ದುರ್ಬಲ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ಬೇಸಿಗೆಯುದ್ದಕ್ಕೂ ಆಗಾಗ ಒಂದು ಕೊಡ ನೀರು ಹಾಕಬೇಕು. ತುಳಸಿಗೆ ನೀರೆರೆಯುವಾಗ ಇದಕ್ಕೂ ಹಾಕುವುದೆಂದು ಅತ್ತೆ ರೂಢಿ ಮಾಡಿಕೊಂಡಿದ್ದಾರೆ.

ಅರ್ಥಿಂಗ್ ಹೆಚ್ಚು ಬೇಕಾದದ್ದು ಏಸಿಗಿಂತ ಕೂಲರಿಗೆ. ತಗಡಿನ ಡಬ್ಬಿ, ಒಳಗೆ ನೀರು, ನೀರಿನಲ್ಲಿ ಮುಳುಗಿದ ಪಂಪು, ಕೆಳಗೆ ಒದ್ದೆ ಬಂಡೆ, ಬರಿಗಾಲ ಮಕ್ಕಳು. ಕೂಲರ್ ಮುಟ್ಟಿ ಜೀವ ಹೋದ ಸುದ್ದಿ ಪ್ರತಿ ಬೇಸಿಗೆ ಪತ್ರಿಕೆಯಲ್ಲಿ ಓದುತ್ತೇವೆ. ಮೇನ್ ಬೋರ್ಡಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಅಷ್ಟು ಕರೆಂಟು ಸೋರಿದ ಕೂಡಲೇ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕಡಿಯುತ್ತದೆ. ಎಂಸಿಬಿ ಈ ಕೆಲಸ ಮಾಡುವುದಿಲ್ಲ. ಇವೆರಡೂ ಒಂದೇ ಎಂದು ತಿಳಿದವರು ಬಹಳ.

ಹಾಗೆಂದು ಕೂಲರ್ ಬಿಡಿ ಎನ್ನುತ್ತಿಲ್ಲ. ಈ ನಾಡಿನ ಒಣ ಸೆಕೆಗೆ ಕೂಲರಿನಷ್ಟು ಹೊಂದುವುದು ಬೇರೊಂದಿಲ್ಲ; ಗಾಳಿ ಒಣಗಿದಷ್ಟೂ ನೀರು ಬೇಗ ಆರಿ ತಂಪು ಕೊಡುತ್ತದೆ. ನಾರಾಯಣಪೇಟೆ, ಗದ್ವಾಲ್‌ಗಳ ನೇಕಾರರ ಮನೆಯಲ್ಲಂತೂ ಇದಕ್ಕೆ ಇನ್ನೊಂದು ಕಾರಣವಿದೆ. ಗುಂಡಿಮಗ್ಗದಲ್ಲಿ ಕಾಲು ನೆಲದೊಳಗಿಳಿಯುತ್ತದೆ, ನೂಲು ನೆಲದ ಪಸೆಗೆ ಹತ್ತಿರವಿರುತ್ತದೆ. ಒಣಗಾಳಿಗೆ ಎಳೆ ತುಂಡಾಗುತ್ತದೆ. ಏಸಿ ಗಾಳಿಯ ತೇವವನ್ನೇ ಹೀರಿ ಹೊರಗೆ ಹಾಕುವ ಯಂತ್ರ. ಮಗ್ಗದ ಕೋಣೆಗೆ ಅದು ಸಲ್ಲದು.

ಲೆಕ್ಕವೂ ಅದನ್ನೇ ಹೇಳುತ್ತದೆ. 200 ವ್ಯಾಟ್ ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೆ ತಿಂಗಳಿಗೆ 60 ಯೂನಿಟ್. ಒಂದೂವರೆ ಟನ್ನಿನ ಏಸಿ ರಾತ್ರಿ ಎಂಟು ತಾಸು ಓಡಿದರೆ ದಿನಕ್ಕೆ ಎಂಟರಿಂದ ಹತ್ತು ಯೂನಿಟ್, ತಿಂಗಳಿಗೆ 240ರ ಮೇಲೆ. ಉಚಿತ ಕರೆಂಟಿನ ಯೋಜನೆಗೆ ಗೃಹಜ್ಯೋತಿ ಎಂಬ ಹೆಸರು ಕೃಷ್ಣೆಯ ಎರಡೂ ದಂಡೆಗೆ ಒಂದೇ: ಕರ್ನಾಟಕದಲ್ಲಿ 2023ರಲ್ಲಿ, ತೆಲಂಗಾಣದಲ್ಲಿ 2024ರಲ್ಲಿ ಬಂತು. ಎರಡಕ್ಕೂ ಮಿತಿ 200 ಯೂನಿಟ್. ಏಸಿ ಒಂದೇ ಆ ಗೆರೆ ದಾಟಿಸಿಬಿಡುತ್ತದೆ.

ಕರೆಂಟೇ ಬೇಡದ ತಂಪಿನ ದಾರಿಯೂ ಇದೆ. ಮಾಳಿಗೆಗೆ ಸುಣ್ಣ ಬಳಿಯುವುದನ್ನು ಹಿರಿಯರು ಬೇಸಿಗೆಗೆ ಮೊದಲೇ ಮುಗಿಸುತ್ತಿದ್ದರು. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿತು. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಮೇಲ್ಮೈಯ ತತ್ವ ಅದೇ. ಆರ್‌ಸಿಸಿ ಚಾವಣಿಯ ಹೊಸ ಮನೆಗಳಿಗೆ ಮಣ್ಣಿನ ಮಾಳಿಗೆಗಿಂತ ಇದರ ಅಗತ್ಯ ಹೆಚ್ಚು. ಆಮೇಲೆ ಏಸಿ ಹಾಕಿದರೂ 24 ಡಿಗ್ರಿಯಲ್ಲಿಟ್ಟರೆ ಸಾಕು, 18ಕ್ಕೆ ಇಳಿಸಬೇಕಿಲ್ಲ.

ಅತ್ತೆಯ ಮನೆಯ ಏಸಿ ಈಗ ಚೆನ್ನಾಗಿ ನಡೆಯುತ್ತಿದೆ. ಲೈಟು ಮಂಕಾಗುವುದಿಲ್ಲ, ಬೋರ್ಡ್ ತಣ್ಣಗಿದೆ. ಈ ಯುಗಾದಿಗೆ ಮುಂಚೆ ನೀವೂ ಒಂದು ಕೆಲಸ ಮಾಡಿ: ಲೈಸೆನ್ಸ್ ಇರುವ ವೈರ್‌ಮನ್‌ನನ್ನು ಕರೆದು ಮೇನ್ ಬೋರ್ಡ್ ಬಿಚ್ಚಿಸಿ, ತಂತಿ ನೋಡಿಸಿ, ಅರ್ಥಿಂಗ್ ಅಳೆಸಿ. ಏಸಿ ಅಂಗಡಿಗೆ ಆಮೇಲೆ ಹೋಗಿ.